ಕಗ್ಗದ ಸಿನಿಮಾ ಮುಗಿಯಿತು, ಇನ್ನು ಋಣದ ಮಾತು

ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ನಾನು ಮಾಡುತ್ತಿದ್ದ ಸಾಕ್ಷ್ಯಚಿತ್ರ ಅಂತೂ ಮುಗಿದಿದೆ. ಹೋದ ವಾರ ಅದನ್ನು ಎಲ್ಲರಿಗಿಂತ ಮೊದಲು ನೋಡಿದವರು ಮಾಣಿಕಟ್ಟಾದ ಗಜನಿಯಲ್ಲಿ, ಅಂದರೆ ಹೊಳೆಯ ಉಪ್ಪುನೀರು ನುಗ್ಗುವ ಗದ್ದೆಗಳಲ್ಲಿ, ದುಡಿಯುವವರು. ಹಾಗೇ ಆಗಬೇಕು ಅಂತ ನನಗೆ ತುಂಬ ಆಸೆಯಿತ್ತು. ನಡುವೆ ಏನೇನಾಯಿತು ಎಂಬುದು ನಿಮಗೆಲ್ಲ ಗೊತ್ತು. ಅಪ್ಪನ ಕಾಯಿಲೆಯ ಕಥೆ ಮತ್ತೆ ಬೇಡ.

ಮೊದಲು ಆ ಊರಿನವರಿಗೆ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಮೊಳಕೆ ಬರಿಸಿದ ಬೀಜ ಎರಚುತ್ತಾರೆ. ಗೊಬ್ಬರ ಇಲ್ಲ, ಔಷಧಿ ಇಲ್ಲ. ಉಪ್ಪುನೀರು ಬಂದರೂ ನೆರೆ ಬಂದರೂ ಕಗ್ಗ ತಡೆದುಕೊಳ್ಳುತ್ತದೆ. ಕೊಯ್ಲು ಮುಗಿದರೆ ಅದೇ ಗದ್ದೆಗೆ ಹೊಳೆಯ ನೀರು ಬಿಟ್ಟು ಮೀನು, ಸಿಗಡಿ ಹಿಡಿಯುತ್ತಾರೆ. ಇದನ್ನೆಲ್ಲ ಚಿತ್ರ ಮಾಡಲು ಹೋದವಳಿಗೆ ಊಟ ಹಾಕಿ, ಒಡ್ಡಿನ ಮೇಲೆ ಕಾಲು ಜಾರದಂತೆ ನಡೆಯುವುದನ್ನು ಕಲಿಸಿ, ಕ್ಯಾಮೆರಾ ಮರೆತು ತಮ್ಮ ಕೆಲಸ ಮಾಡಿಕೊಂಡರಲ್ಲ, ಆ ಅಕ್ಕಂದಿರಿಗೆ ನನ್ನ ನಮಸ್ಕಾರ. ಅಳಿವೆಯ ದಡದ ತದಡಿಗೆ 4,000 ಮೆಗಾವಾಟ್‌ನ ವಿದ್ಯುತ್ ಸ್ಥಾವರ ಬೇಡ ಅಂತ ಹೋರಾಡಿದ ಹಿರಿಯರು ಹಳೆಯದನ್ನೆಲ್ಲ ನೆನಪು ಮಾಡಿಕೊಂಡು ಹೇಳಿದರು. 2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದೆ. ಅದನ್ನು ಉಳಿಸಿಕೊಂಡವರು ಇವರು.

ಕ್ಯಾಮೆರಾ ಹಿಡಿದ ಗೆಳತಿ, ಸೌಂಡ್ ನೋಡಿಕೊಂಡ ತಮ್ಮ, ಎಡಿಟಿಂಗ್‌ಗೆ ಶಿರಸಿಯ ಮನೆಯ ಮಾಳಿಗೆ ಬಿಟ್ಟುಕೊಟ್ಟ ದೊಡ್ಡಮ್ಮ, ಬಾಡಿಗೆ ಕೇಳದೆ ದೋಣಿ ಕೊಟ್ಟವರು, ಆಸ್ಪತ್ರೆಯ ನರ್ಸ್‌ಗಳು, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ಮದ್ದಲೆ ಮಾವ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಯಕ್ಷಗಾನ ನೋಡುವವರಿಗೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ.

ಅಪ್ಪ ಯಕ್ಷಗಾನದ ಭಾಗವತರು, ಪದ್ಯ ಹಾಡುವವರು. ಅವರು ಮೇಳದ ಜೊತೆ ಊರೂರು ಸುತ್ತಿ ಹಾಡಿದ ಎಷ್ಟೋ ತಿರುಗಾಟಗಳಲ್ಲಿ ಪಕ್ಕದಲ್ಲಿ ಕೂತು ಮದ್ದಲೆ ನುಡಿಸಿದವರು ಅವರು. ಅಪ್ಪನಿಗೆ ಮಾತು ನಿಂತ ರಾತ್ರಿ ವಾರ್ಡಿನಲ್ಲಿ ನನ್ನ ಜೊತೆ ಇದ್ದವರೂ ಅವರೊಬ್ಬರೇ. ಹೊರಗೆ ಆಷಾಢದ ಮಳೆ. ಅಪ್ಪನ ಎಡಗೈಯ ಬೆರಳು ಹೊದಿಕೆಯ ಮೇಲೆ ಸುಮ್ನೆ ಆಡುತ್ತಿತ್ತು. ನನಗೆ ಹೆದರಿಕೆಯಾಗಿ ನರ್ಸ್ ಕರೆಯಲು ಎದ್ದೆ. ಮಾವ ನನ್ನ ಕೈ ಹಿಡಿದು ಕೂರಿಸಿದರು. "ತಡಿ ತಂಗಿ, ಅದು ಝಂಪೆ ತಾಳ" ಅಂದರು.

ಸ್ವಲ್ಪ ಹೊತ್ತು ನೋಡುತ್ತ ಕೂತರು. ಆಮೇಲೆ ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಎರಡೇ ಬೆರಳಲ್ಲಿ, ಪಕ್ಕದ ರೋಗಿಗೆ ಎಚ್ಚರವಾಗದ ಹಾಗೆ, ಉತ್ತರ ಕೊಡಲು ಶುರು ಮಾಡಿದರು. ಅಪ್ಪನ ಬೆರಳು ತಡವರಿಸಿತು, ನಿಂತಿತು, ಮತ್ತೆ ಹಿಡಿಯಿತು. ಹಾಡಿನ ನಡುವೆ ಮದ್ದಲೆಯ ನುಡಿತ, ಬಿಡ್ತಿಗೆ, ಎಲ್ಲಿ ಬರಬೇಕೋ ಅಲ್ಲಿ ಮಾವನ ಬೆರಳು ಬಂತು. ಅಪ್ಪ ಕಣ್ಣು ಬಿಟ್ಟು ಅವರನ್ನು ನೋಡಿದರು. ಬೆಳಗಿನ ತನಕ ಬಿಟ್ಟು ಬಿಟ್ಟು ಇದೇ ನಡೆಯಿತು. ನನಗೆ ಚಹಾ ತಂದುಕೊಟ್ಟರು, ಬೆಂಚಿನ ಮೇಲೆ ಮಲಗಿಸಿದರು, ತಾವು ಮಾತ್ರ ಕಣ್ಣು ಮುಚ್ಚಲಿಲ್ಲ.

ಅಪ್ಪ ನನ್ನ ಸಿನಿಮಾ ನೋಡಲಿಲ್ಲ. ಇದನ್ನು ಬರೆದು ಅಳಿಸಿದೆ, ಮತ್ತೆ ಬರೆದೆ. ನೋಡಲಿಲ್ಲ. ನನಗೆ ಅದು ಸಹಿಸಲಾಗದ ಸಂಕಟ. ಅಪ್ಪ ಹೋದ ಮೇಲೆ ಎಡಿಟಿಂಗ್ ಕಂಪ್ಯೂಟರಿನ ಮುಂದೆ ಕೂತರೆ ಕೈಯೇ ಓಡುತ್ತಿರಲಿಲ್ಲ.

ಆಗಲೂ ಬಂದವರು ಮಾವನೇ. ಭಾಗವತರ ಮಗಳು ಎಂಬ ಹೆಸರು ನನಗೆ ಅನ್ನ ಹಾಕಿದೆ, ಎಷ್ಟೋ ಬಾಗಿಲು ತೆರೆದಿದೆ. ಆದರೆ 1983ರಲ್ಲಿ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ಚಳವಳಿಯ ಮೇಲೆ ನಾನು ಮಾಡಿದ ಮೊದಲ ಚಿತ್ರ ಬಂದಾಗ ಕೇಳಿದ ಪ್ರಶ್ನೆಗಳಲ್ಲಿ ಮುಕ್ಕಾಲು ಅಪ್ಪನ ಬಗ್ಗೆಯೇ ಇದ್ದವು. ಮರ ಅಪ್ಪಿಕೊಂಡು ನಿಂತವರ ಬಗ್ಗೆ ಕೇಳಿದವರು ಕಡಿಮೆ. ಈ ಸಲ ಹಣ ಹಾಕಲು ಬಂದವರೊಬ್ಬರು ಒಂದೇ ಷರತ್ತು ಇಟ್ಟರು: ಚಿತ್ರದ ಉದ್ದಕ್ಕೂ ಅಪ್ಪನ ಹಾಡುಗಾರಿಕೆ ಬಳಸಬೇಕು. ಅಪ್ಪ ಹೋದ ಹೊಸತು. ಹೂಂ ಅಂದರೆ ಸಾಲ ತೀರುತ್ತಿತ್ತು. ಆ ದನಿ ಬೇಡ ಎನ್ನುವುದಾದರೂ ಹೇಗೆ?

ಮಾವ ಶಿರಸಿಯ ಮಾಳಿಗೆ ಹತ್ತಿ ಬಂದು ಇಡೀ ಚಿತ್ರವನ್ನು ಕಣ್ಣು ಮುಚ್ಚಿ ಕೇಳಿದರು. ಒಡ್ಡಿನ ಹಲಗೆ ಎತ್ತುವ ಸದ್ದು, ನೀರು ನುಗ್ಗುವ ಸದ್ದು, ಹೆಂಗಸರ ಮಾತು. ಮುಗಿದ ಮೇಲೆ, "ಇಲ್ಲಿ ಪದ್ಯ ಬೇಡ ತಂಗಿ. ನಿನ್ನಪ್ಪನ ಹಾಡಿಗೆ ಅದರದ್ದೇ ರಂಗಸ್ಥಳ ಇದೆ. ಇದು ನಿನ್ನ ಮೇಳ" ಅಂದರು. ಅಪ್ಪನ ದನಿಯನ್ನು ಅವರಷ್ಟು ಪ್ರೀತಿಸಿದವರು ಇನ್ಯಾರೂ ಇಲ್ಲ. ಅವರು ಹೇಳಿದ್ದಕ್ಕೇ ನನಗೆ ಬೇಡ ಎನ್ನುವ ಧೈರ್ಯ ಬಂತು. ಉಳಿದ ಹಣವನ್ನು ನೀವೆಲ್ಲ ಕೈಲಾದಷ್ಟು ಹಾಕಿ ಕೂಡಿಸಿಕೊಟ್ಟಿರಿ. ಅದೂ ನೆನಪಿದೆ.

ಮಾವ, ಹೆಸರಿಲ್ಲದೆಯೂ ಇದು ನಿಮಗೆ. ಆ ರಾತ್ರಿ ನೀವು ಇರದಿದ್ದರೆ ನನಗೆ ಬರೀ ರೋಗಿಯೊಬ್ಬರು ಕಾಣುತ್ತಿದ್ದರು. ನೀವಿದ್ದಿರಿ, ಕೊನೆಯವರೆಗೂ ನನಗೆ ಭಾಗವತರು ಕಂಡರು.

ಮುಂದಿನ ಪ್ರದರ್ಶನ ಶಿರಸಿಯಲ್ಲಿ. ಆಮೇಲೆ ಕುಮಟಾ, ಅಂಕೋಲಾ, ಕಾರವಾರ. ಮಾವ ಶಿರಸಿಗೆ ಬರುತ್ತಾರೆ. ನಿಮ್ಮ ಊರಲ್ಲೂ ತೋರಿಸಬೇಕಿದ್ದರೆ ಒಂದು ಮಾತು ತಿಳಿಸಿ. ಪರದೆ, ಪ್ರೊಜೆಕ್ಟರ್ ನಾವೇ ತರುತ್ತೇವೆ. ಕರೆಂಟು ಮತ್ತು ಕೂರಲು ಚಾಪೆ ನಿಮ್ಮ ಕಡೆಯಿಂದ ಇರಲಿ.