‘ಇದು ನಿನಗೆ ಹೇಗೆ ಗೊತ್ತು?’

ಪ್ರೀತಿಯ ಪುಟ್ಟಿ,

ಡಿಗ್ರಿಗೆ ಪ್ರಪಂಚದ ಇತಿಹಾಸ ತಗೊಂಡಿದ್ದೀಯ ಅಂತ ನಿನ್ನಮ್ಮ ಹೇಳಿದಳು. ತುಂಬಾ ಖುಷಿಯಾಯಿತು ಕಣೇ. ಅದರ ಬೆನ್ನಿಗೇ ನಿನ್ನ ಮೆಸೇಜು ಬಂತು. ‘ದೊಡ್ಡಮ್ಮ, ಮೊದಲ ಸೆಮಿಸ್ಟರಿನಲ್ಲೇ ಮೆಸೊಪೊಟೇಮಿಯಾ, ಈಜಿಪ್ಟ್, ಚೀನಾ, ಗ್ರೀಸ್, ರೋಮ್ ಎಲ್ಲಾ ಇದೆ, ಇಷ್ಟೊಂದು ಇಸವಿ ನೆನಪಿಡೋದು ಹೇಗೆ?’ ಅಂತ. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ ಇದು, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಾನು ಮೊದಲ ವರ್ಷದಲ್ಲಿದ್ದಾಗ ಒಂದು ಉತ್ತರ ಬರೆದಿದ್ದೆ. ಕ್ರಿ.ಪೂ. 1274ರಲ್ಲಿ ಕಾದೇಶ್ ಎಂಬಲ್ಲಿ ಈಜಿಪ್ಟಿನ ರಾಜ ಎರಡನೇ ರಾಮ್ಸೆಸ್, ಈಗಿನ ಟರ್ಕಿಯ ಕಡೆಯಿಂದ ಆಳುತ್ತಿದ್ದ ಹಿಟ್ಟೈಟರನ್ನು ಸೋಲಿಸಿದ ಅಂತ. ಇಸವಿ ಸರಿ, ಹೆಸರು ಸರಿ, ಅಕ್ಷರ ದುಂಡಗೆ. ಪೇಪರು ವಾಪಸ್ ಬಂದಾಗ ಆ ಸಾಲಿನ ಪಕ್ಕ ಮೇಷ್ಟ್ರು ಕೆಂಪು ಇಂಕಿನಲ್ಲಿ ಇಷ್ಟೇ ಬರೆದಿದ್ದರು: ‘ಇದು ನಿನಗೆ ಹೇಗೆ ಗೊತ್ತು?’

ಪುಸ್ತಕದಲ್ಲಿ ಇತ್ತು, ಅದಕ್ಕೆ ಗೊತ್ತು ಅಂದುಕೊಂಡೆ. ಆದರೆ ಪುಸ್ತಕ ಬರೆದವರಿಗೆ ಹೇಗೆ ಗೊತ್ತಾಯಿತು? ಹುಡುಕುತ್ತಾ ಹೋದರೆ ಸಿಕ್ಕಿದ್ದು ಈಜಿಪ್ಟಿನ ಕಾರ್ನಾಕ್, ಲಕ್ಸರ್, ಅಬು ಸಿಂಬೆಲ್ ದೇವಸ್ಥಾನಗಳ ಗೋಡೆಗಳು. ರಥದ ಮೇಲೆ ರಾಜ, ಎಲ್ಲರಿಗಿಂತ ದೊಡ್ಡ ಆಕಾರ, ಒಬ್ಬನೇ ಶತ್ರು ಸೈನ್ಯವನ್ನೆಲ್ಲ ಚೆಲ್ಲಾಪಿಲ್ಲಿ ಮಾಡುತ್ತಿದ್ದಾನೆ. ಕೆತ್ತಿಸಿದ್ದು ಯಾರು? ಅದೇ ರಾಜ. ನಿಜವಾಗಿ ಕಾದೇಶ್ ಊರು ಅವನ ಕೈಗೆ ಬರಲೇ ಇಲ್ಲ, ಹಿಟ್ಟೈಟರ ಕೈಯಲ್ಲೇ ಉಳಿಯಿತು. ಹದಿನೈದು ವರ್ಷದ ನಂತರ ಇಬ್ಬರೂ ಒಪ್ಪಂದ ಮಾಡಿಕೊಂಡರು. ಆ ಒಪ್ಪಂದದ ಈಜಿಪ್ಟಿನ ಪ್ರತಿ ದೇವಸ್ಥಾನದ ಗೋಡೆ ಮೇಲಿದೆ, ಇನ್ನೊಂದು ಹಿಟ್ಟೈಟರ ರಾಜಧಾನಿಯಾಗಿದ್ದ, ಈಗಿನ ಟರ್ಕಿಯಲ್ಲಿರುವ ಹಟ್ಟುಸಾದಲ್ಲಿ ಜೇಡಿಮಣ್ಣಿನ ಹಲಗೆಗಳ ಮೇಲೆ ಸಿಕ್ಕಿತು. ಶಾಂತಿ ಬೇಕು ಅಂತ ಮೊದಲು ಬಂದವನು ಆ ಕಡೆಯವನೇ ಅಂತ ಎರಡೂ ಕಡೆಯವರು ಬರೆದುಕೊಂಡಿದ್ದಾರೆ!

ಅವತ್ತಿನಿಂದ ನನ್ನ ಓದುವ ರೀತಿಯೇ ಬದಲಾಯಿತು. ನಿನಗೂ ನಾನು ಹೇಳುವುದು ಇದೊಂದೇ. ಪಠ್ಯಪುಸ್ತಕದ ಪ್ರತಿ ಸಾಲಿಗೂ ಆ ಕೆಂಪು ಇಂಕಿನ ಪ್ರಶ್ನೆ ಹಾಕು. ಇದನ್ನು ಹೇಳಿದವರು ಯಾರು, ಯಾರಿಗಾಗಿ ಹೇಳಿದರು, ನಮ್ಮ ತನಕ ಹೇಗೆ ಬಂತು? ಹಾಗೆ ಕೇಳಿಕೊಂಡು ಓದಿದ ಇಸವಿ ಮರೆಯುವುದಿಲ್ಲ. 1274 ನಾನು ಉರು ಹೊಡೆದದ್ದಲ್ಲ, ಆದರೂ ಇವತ್ತಿಗೂ ನೆನಪಿದೆ ನೋಡು.

ಇನ್ನೂ ಒಂದು ಹೇಳುತ್ತೇನೆ, ನನಗೆ ತುಂಬಾ ಇಷ್ಟವಾದದ್ದು. ಸುಮಾರು ನೂರು ವರ್ಷ ಕಳೆದ ಮೇಲೆ, ಮೂರನೇ ರಾಮ್ಸೆಸ್ ಕಾಲ. ಇವನೂ ಮೆದಿನೆತ್ ಹಾಬು ದೇವಸ್ಥಾನದ ಗೋಡೆಗಳ ತುಂಬಾ ತನ್ನ ಗೆಲುವುಗಳನ್ನು ಕೆತ್ತಿಸಿಕೊಂಡ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ ದೇರ್ ಎಲ್ ಮದೀನಾ ಅಂತ ಒಂದು ಸಣ್ಣ ಊರು, ರಾಜರ ಸಮಾಧಿ ಕೊರೆದು ಚಿತ್ರ ಬರೆಯುವ ಕೆಲಸಗಾರರ ಊರು. ಅವರಿಗೆ ಕೂಲಿ ಧಾನ್ಯದ ರೂಪದಲ್ಲಿ ಬರುತ್ತಿತ್ತು. ಆ ರಾಜನ ಆಳ್ವಿಕೆಯ 29ನೇ ವರ್ಷದಲ್ಲಿ ಧಾನ್ಯ ಬರುವುದು ತಡವಾಯಿತು. ಕೆಲಸಗಾರರು ಉಪಕರಣ ಕೆಳಗಿಟ್ಟು, ಕಾವಲು ದಾಟಿ ಹೋಗಿ ಒಂದು ದೇವಸ್ಥಾನದ ಹಿಂದೆ ಕೂತುಬಿಟ್ಟರು. ಹಸಿವು ನಮ್ಮನ್ನು ಇಲ್ಲಿಗೆ ತಂದಿದೆ, ಬಟ್ಟೆ ಇಲ್ಲ, ಮೀನಿಲ್ಲ, ತರಕಾರಿ ಇಲ್ಲ, ರಾಜನಿಗೆ ತಿಳಿಸಿ ಅಂದರು. ಇದನ್ನು ಅಲ್ಲಿನ ಗುಮಾಸ್ತನೊಬ್ಬ ಪಪೈರಸ್ ಎಂಬ ಜೊಂಡಿನ ಹಾಳೆಯ ಮೇಲೆ ಬರೆದಿಟ್ಟ. ಅದು ಈಗ ಇಟಲಿಯ ಟ್ಯೂರಿನ್ ಮ್ಯೂಸಿಯಂನಲ್ಲಿದೆ. ಮುಷ್ಕರದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ದಾಖಲೆಗಳಲ್ಲಿ ಅದೂ ಒಂದು. ಗೋಡೆ ನೋಡಿದರೆ ಆ ಕಾಲ ವೈಭವದ್ದು, ಪಪೈರಸ್ ನೋಡಿದರೆ ಕಣಜ ಖಾಲಿ. ಎರಡನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು, ಅಲ್ವಾ? ಆ ಗುಮಾಸ್ತ ಬರೆಯದೇ ಇದ್ದಿದ್ದರೆ ನಮಗೆ ಗೋಡೆ ಮಾತ್ರ ಉಳಿಯುತ್ತಿತ್ತು ಅನ್ನೋದು ನೆನಪಾದಾಗಲೆಲ್ಲ ನನಗೆ ಈಗಲೂ ಒಂಥರಾ ಆಗುತ್ತದೆ.

ಬರೆಯದೇ ಹೋದವರೇ ಜಾಸ್ತಿ ಕಣೇ. ಉಳುವವರು, ಗುಲಾಮರು, ಹೆಂಗಸರಲ್ಲಿ ಹೆಚ್ಚಿನವರು. ಸಿಂಧೂ ಕಣಿವೆಯವರು ಬರೆದರು, ನಮಗೆ ಓದಲು ಬರುತ್ತಿಲ್ಲ. ಇಂಕಾ ಜನ ದಾರಗಳಿಗೆ ಗಂಟು ಹಾಕಿ ಲೆಕ್ಕ ಇಡುತ್ತಿದ್ದರು, ಅಷ್ಟು ದೊಡ್ಡ ರಾಜ್ಯವನ್ನೇ ಹಾಗೆ ನಡೆಸಿದರು. ಅದಕ್ಕೇ ಬರವಣಿಗೆ ಇದ್ದರೆ ಮಾತ್ರ ನಾಗರಿಕತೆ, ಇಲ್ಲದಿದ್ದರೆ ಕಾಡುಜನ ಅನ್ನುವ ಹಳೇ ಮಾತನ್ನು ಯಾರಾದರೂ ಕ್ಲಾಸಿನಲ್ಲಿ ಹೇಳಿದರೆ ಸುಮ್ನೆ ಒಪ್ಪಿಕೊಳ್ಳಬೇಡ. ಯಾವ ನಾಗರಿಕತೆ ದೊಡ್ಡದು, ಯಾವುದು ಮೊದಲು ಅನ್ನುವ ಜಗಳಕ್ಕೂ ಹೋಗಬೇಡ, ಅದರಿಂದ ಕಲಿಯುವುದು ಏನೂ ಇಲ್ಲ.

ಸಿಲಬಸ್ಸಿನಲ್ಲಿ ಒಂದೊಂದು ದೇಶ ಒಂದೊಂದು ಪಾಠವಾಗಿ ಬರುತ್ತದೆ. ಓದುವಾಗ ನೀನು ಅಡ್ಡಡ್ಡವಾಗಿಯೂ ನೋಡು. ಒಂದು ದೊಡ್ಡ ಹಾಳೆ ತಗೊಂಡು ಕ್ರಿ.ಶ. 1300ರಿಂದ 1400 ಅಂತ ಬರೆದು, ಆಗ ಎಲ್ಲೆಲ್ಲಿ ಏನಾಗುತ್ತಿತ್ತು ಅಂತ ತುಂಬು. 1324ರಲ್ಲಿ ಪಶ್ಚಿಮ ಆಫ್ರಿಕಾದ ಮಾಲಿಯ ದೊರೆ ಮಾನ್ಸಾ ಮೂಸಾ ಹೊರೆ ಹೊರೆ ಚಿನ್ನದೊಂದಿಗೆ ಮೆಕ್ಕಾ ಯಾತ್ರೆಗೆ ಹೊರಟು ಕೈರೋ ತಲುಪುತ್ತಾನೆ. ಮರುವರ್ಷ ಮೊರಾಕ್ಕೋದ ಟ್ಯಾಂಜಿಯರ್‌ನಿಂದ 21 ವಯಸ್ಸಿನ ಯಾತ್ರಿಕ ಇಬ್ನ್ ಬತೂತಾ ಹೊರಡುತ್ತಾನೆ, ದೆಹಲಿಗೆ ಬಂದು ಮುಹಮ್ಮದ್ ಬಿನ್ ತುಘಲಕ್ ಹತ್ತಿರ ಖಾಜಿಯೂ ಆಗುತ್ತಾನೆ. 1347ರಲ್ಲಿ ಹಡಗಿನ ಜೊತೆ ಪ್ಲೇಗು ಸಿಸಿಲಿಗೆ ಬರುತ್ತದೆ. ಮಾರನೇ ವರ್ಷ ಊರ ಕಡೆ ಹೊರಟ ಇಬ್ನ್ ಬತೂತಾ ಡಮಾಸ್ಕಸ್‌ನಲ್ಲಿ ಅದೇ ಪ್ಲೇಗನ್ನು ಕಣ್ಣಾರೆ ನೋಡುತ್ತಾನೆ. 1368ಕ್ಕೆ ಚೀನಾದಲ್ಲಿ ಮಂಗೋಲರ ಆಳ್ವಿಕೆ ಮುಗಿದು ಮಿಂಗ್ ವಂಶ ಬರುತ್ತದೆ. ಬೇರೆ ಬೇರೆ ಪಾಠಗಳಲ್ಲಿ ಓದಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ. ಒಂದೇ ಹಾಳೆಯಲ್ಲಿ ಬರೆದಾಗ ಸರಕು, ಯಾತ್ರಿಕ, ರೋಗ ಎಲ್ಲಾ ಅದೇ ದಾರಿಗಳಲ್ಲಿ ಓಡಾಡಿದ್ದು ಕಾಣುತ್ತದೆ.

ಅಲ್ಲೂ ನಮ್ಮ ಪ್ರಶ್ನೆ ಕೇಳು. ಇಬ್ನ್ ಬತೂತಾ ತನ್ನ ಪ್ರವಾಸವನ್ನು ಊರಿಗೆ ಮರಳಿದ ಮೇಲೆ ನೆನಪಿನಿಂದ ಹೇಳಿದ, ಬರೆದವನು ಇನ್ನೊಬ್ಬ. ಕೆಲವು ಊರುಗಳ ವರ್ಣನೆಯನ್ನು ಆ ಬರೆದವನು ಹಿಂದಿನ ಯಾತ್ರಿಕನ ಪುಸ್ತಕದಿಂದ ಎತ್ತಿಕೊಂಡಿದ್ದಾನೆ! ಇನ್ನು ಪ್ಲೇಗು. ಕಿರ್ಗಿಸ್ತಾನದ ಇಸಿಕ್ ಕುಲ್ ಕೆರೆಯ ಹತ್ತಿರದ ಸ್ಮಶಾನದಲ್ಲಿ 1338 ಮತ್ತು 1339ರ ಸಮಾಧಿ ಕಲ್ಲುಗಳು ವಿಪರೀತ ಜಾಸ್ತಿ ಇವೆ. ಕೆಲವು ಕಲ್ಲಿನ ಮೇಲೆ ಸಾಂಕ್ರಾಮಿಕದಿಂದ ಸತ್ತರು ಅಂತಲೇ ಇದೆ. ಯಾವ ರೋಗ ಅಂತ ಇಲ್ಲ. ಅಲ್ಲಿ ಹೂತವರ ಹಲ್ಲುಗಳಲ್ಲಿ ಪ್ಲೇಗಿನ ರೋಗಾಣುವಿನ ಡಿಎನ್ಎ ಸಿಕ್ಕಿದ್ದು 2022ರಲ್ಲಿ ಪ್ರಕಟವಾಯಿತು. ಕಲ್ಲು ಓದುವವರೂ ಹಲ್ಲು ಓದುವವರೂ ಸೇರಿದ್ದಕ್ಕೆ ಅದು ಗೊತ್ತಾಯಿತು. ವಿಜ್ಞಾನ ಬಿಟ್ಟು ಬಂದೆ ಅಂತ ಬೇಜಾರು ಮಾಡಿಕೊಳ್ಳಬೇಡ, ಇಲ್ಲೂ ಅದು ಬೇಕು.

ಓದುವ ಕ್ರಮದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಲಾಸಿಗೆ ಹೋಗುವ ಮೊದಲು ಪಾಠ ಒಂದು ಸಲ ಓದಿರು. ನಕ್ಷೆ ಯಾವಾಗಲೂ ತೆರೆದಿಟ್ಟುಕೋ. ಫೋನಿನಲ್ಲಿ ಕೇಳಿದರೆ ಕ್ಷಣದಲ್ಲಿ ಸಾರಾಂಶ ಬರುತ್ತದೆ, ಬೇಡ ಅನ್ನಲ್ಲ, ಆದರೆ ಮೂಲದ ಅನುವಾದ ಒಂದೇ ಪುಟ ಆದರೂ ನೀನೇ ಓದಿದ ಮೇಲೆ ಅದನ್ನು ನೋಡು. ನೋಟ್ಸ್ ಬರೆಯುವಾಗ ಪುಟದ ಬಲಗಡೆ ಎರಡು ಬೆರಳಗಲ ಜಾಗ ಬಿಡು. ಎಡಗಡೆ ವಿಷಯ, ಆ ಜಾಗದಲ್ಲಿ ಅದು ಗೊತ್ತಾದದ್ದು ಹೇಗೆ ಅನ್ನೋದು. ಕಲ್ಲೋ, ನಾಣ್ಯವೋ, ಮೂಳೆಯೋ, ಯಾರದೋ ಪತ್ರವೋ. ಮೊದಮೊದಲು ಆ ಜಾಗ ಖಾಲಿಯೇ ಇರುತ್ತದೆ. ಪರವಾಗಿಲ್ಲ. ಖಾಲಿ ಇದ್ದದ್ದನ್ನು ಲೈಬ್ರರಿಗೆ ತಗೊಂಡು ಹೋಗು, ಮೇಷ್ಟ್ರ ಹತ್ತಿರ ಹೋಗಿ ಕೇಳು. ಇಂಥ ಪ್ರಶ್ನೆ ಕೇಳಿದರೆ ಒಳ್ಳೆ ಮೇಷ್ಟ್ರಿಗೆ ಖುಷಿಯೇ ಆಗುತ್ತದೆ.

ಮೆಸೊಪೊಟೇಮಿಯಾದ ಪಾಠ ಮುಗಿದ ಮೇಲೆ ಆ ನೋಟ್ಸಿನ ಒಂದು ಪುಟದ ಫೋಟೋ ತೆಗೆದು ನನಗೆ ಕಳಿಸು. ಬಲಗಡೆಯ ಜಾಗವನ್ನೇ ನಾನು ಮೊದಲು ನೋಡುವುದು.

ನಿನ್ನ ದೊಡ್ಡಮ್ಮ