ಜಿ.ಟಿ.ಎಸ್. ಕಲ್ಲುಗಳಿಗೂ ಒಂದು ಪಟ್ಟಿ ಬೇಕು

ಮಾನ್ಯ ಸಂಪಾದಕರೆ,

ರಸ್ತೆ ಅಗಲ ಮಾಡುವ ಮುಂಚೆ ಮರಗಳಿಗೆ ನಂಬರ್ ಬರೆಯುತ್ತಾರೆ. ಕರೆಂಟ್ ಕಂಬ, ನೀರಿನ ಪೈಪು, ಗುಡಿ, ಸಮಾಧಿ ಎಲ್ಲವೂ ಅಂದಾಜುಪಟ್ಟಿಯಲ್ಲಿ ಸೇರುತ್ತವೆ. ಅದೇ ರಸ್ತೆಯ ಹಳೇ ಸೇತುವೆಯ ಮೇಲೋ, ಪ್ರವಾಸಿ ಮಂದಿರದ ಮೆಟ್ಟಿಲ ಪಕ್ಕದಲ್ಲೋ ಇರುವ ಜಿ.ಟಿ.ಎಸ್. (ಗ್ರೇಟ್ ಟ್ರಿಗನಾಮೆಟ್ರಿಕಲ್ ಸರ್ವೆ, ಅಂದರೆ ದೇಶದ ಮಹಾ ತ್ರಿಕೋನಮಿತಿ ಸರ್ವೆ) ಬೆಂಚ್ ಮಾರ್ಕ್, ಅಂದರೆ ಎತ್ತರದ ಗುರುತು ಕೆತ್ತಿದ ಕಲ್ಲು, ಮಾತ್ರ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಜೆಸಿಬಿ ಬಂದ ದಿನ ಅದೂ ಟಿಪ್ಪರಿಗೆ ಬಿದ್ದು ಹೋಗುತ್ತದೆ. ಈ ವಿಷಯವನ್ನು ನಿಮ್ಮ ಓದುಗರ ಮುಂದಿಡಬೇಕೆಂದು ಈ ಪತ್ರ. ಉದ್ದವಾದರೆ ಮನ್ನಿಸಿ.

ನಾನು ಮಾಗಡಿ ಕಡೆಯ ಪರವಾನಗಿ ಭೂಮಾಪಕ. ವಾರವೆಲ್ಲ ಹದ್ದುಬಸ್ತು, ಪೋಡಿ, 11ಇ ನಕ್ಷೆ ಎಂದು ರೈತರ ಹೊಲಗಳಲ್ಲೇ ಇರುತ್ತೇನೆ. ರಜೆ ಸಿಕ್ಕಾಗ ಹಳೇ ಟೋಪೋ ಶೀಟು (ಸರ್ವೆ ಆಫ್ ಇಂಡಿಯಾದ ನಕ್ಷೆಯ ಹಾಳೆ), ಒಂದು ಬಾಟಲಿ ನೀರು, ತೆಂಗಿನ ನಾರಿನ ಬ್ರಷ್ಷು ಹಿಡಿದು ಬೆಂಚ್ ಮಾರ್ಕ್ ಹುಡುಕಲು ಹೊರಡುತ್ತೇನೆ. ನಮ್ಮ ಭಾಗದ ಹಾಳೆಯ ನಂಬರ್ 57 ಎಚ್/5. ಸಾವನದುರ್ಗ ಇರುವುದು ಅದರಲ್ಲೇ. ಹಾಳೆಯಲ್ಲಿ ಬೆಟ್ಟದ ತುದಿಯ ಮೇಲೆ ಪುಟ್ಟ ತ್ರಿಕೋನ ಇದ್ದರೆ ಅದು ತ್ರಿಕೋನಮಿತಿ ಸರ್ವೆಯ ನೆಲೆ. ರಸ್ತೆ ಪಕ್ಕದಲ್ಲಿ ಬಿ.ಎಂ. ಎಂಬ ಎರಡು ಅಕ್ಷರ, ಪಕ್ಕಕ್ಕೊಂದು ಸಂಖ್ಯೆ ಇದ್ದರೆ ಅದು ಎತ್ತರದ ಗುರುತು.

ಬಾಂದು ಕಲ್ಲು ನಮ್ಮ ಜನಕ್ಕೆ ಚೆನ್ನಾಗಿ ಗೊತ್ತು. ಅದು ನಿಮ್ಮ ಜಮೀನು ಎಲ್ಲಿಗೆ ಮುಗಿಯಿತು ಎಂದು ಹೇಳುತ್ತದೆ. ಅದಕ್ಕಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಹೋಗುತ್ತಾರೆ. ಬೆಂಚ್ ಮಾರ್ಕಿಗೆ ಹಾಗೆ ಜಗಳಾಡುವ ವಾರಸುದಾರರಿಲ್ಲ. ಈ ಜಾಗ ಸಮುದ್ರಮಟ್ಟದಿಂದ ಇಷ್ಟು ಎತ್ತರದಲ್ಲಿದೆ ಎಂದು ಅದು ಎಲ್ಲರಿಗೂ ಹೇಳುತ್ತದೆ, ಆದ್ದರಿಂದಲೇ ಅದನ್ನು ತನ್ನದು ಎನ್ನುವವರು ಯಾರೂ ಇಲ್ಲ. ದೇಶದ ಈ ಎತ್ತರಗಳ ಲೆಕ್ಕವನ್ನು 1909ರಲ್ಲಿ ಒಟ್ಟುಗೂಡಿಸಿದಾಗ ಒಂಬತ್ತು ಬಂದರುಗಳ ಸಮುದ್ರಮಟ್ಟವನ್ನು ಆಧಾರವಾಗಿ ಹಿಡಿದರು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಮಾಗಡಿ ರಸ್ತೆಯ ಕಲ್ಲಿನ ಮೇಲಿನ ಸಂಖ್ಯೆಯ ಹಿಂದೆ ಕಾರವಾರದ ಅಲೆಗಳ ಏರಿಳಿತದ ಲೆಕ್ಕವಿದೆ ಎಂದು ಶಾಲೆಯ ಮಕ್ಕಳಿಗೆ ಹೇಳಿ ನೋಡಿ, ಅವರು ಎಷ್ಟು ಪ್ರಶ್ನೆ ಕೇಳುತ್ತಾರೆ!

ಈ ಸರ್ವೆ ಹುಟ್ಟಿದ್ದೇ ನಮ್ಮ ನೆಲದಲ್ಲಿ ಎನ್ನಬಹುದು. 1799ರಲ್ಲಿ ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಸೈನ್ಯದಲ್ಲಿದ್ದ ವಿಲಿಯಂ ಲ್ಯಾಂಬ್ಟನ್, ಮರುವರ್ಷವೇ ಬಾಣಸವಾಡಿಯಿಂದ ಅಗರದವರೆಗೆ ಸುಮಾರು 7.4 ಮೈಲಿ ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. 100 ಅಡಿಯ ಆ ಸರಪಳಿಯನ್ನು ಮೊದಲು ಚೀನಾದ ಚಕ್ರವರ್ತಿಗೆ ಉಡುಗೊರೆಯಾಗಿ ಒಯ್ದಿದ್ದರಂತೆ. ಅಲ್ಲಿ ಬೇಡವೆಂದ ಮೇಲೆ ಅದು ಭಾರತಕ್ಕೆ ಬಂತು. ಅದನ್ನು ನೆಲಕ್ಕೆ ತಾಗಿಸದೆ ಮರದ ತೊಟ್ಟಿಗಳಲ್ಲಿ ಹಾಸಿ, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು, ಬಿಸಿಲಿಗೆ ಉಕ್ಕು ಎಷ್ಟು ಹಿಗ್ಗಿತು ಎಂದು ಕಳೆದು ಅಳೆಯುತ್ತಿದ್ದರು. 33 ಅಡಿಯ ಸರಪಳಿ ಎಳೆದು ಕೆಲಸ ಕಲಿತ ನನ್ನಂಥವನಿಗೆ ಆ ಶ್ರದ್ಧೆ ಎಂಥದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಬಾಣಸವಾಡಿಯ ಆ ಅಭ್ಯಾಸದ ನಂತರ 1802ರ ಏಪ್ರಿಲ್ 10ರಂದು ಮದರಾಸಿನ ಪರಂಗಿಮಲೆಯ ಬಳಿ ಮಹಾ ಸರ್ವೆ ವಿಧಿವತ್ತಾಗಿ ಶುರುವಾಯಿತು. ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಹೆಣೆಯುತ್ತ ಮೈಸೂರು ಸೀಮೆ ದಾಟಿ ಮಂಗಳೂರು ಕರಾವಳಿ ಮುಟ್ಟಿದಾಗ, ಹಿಂದಿನ ನಕ್ಷೆಗಳಲ್ಲಿದ್ದದ್ದಕ್ಕಿಂತ ನಮ್ಮ ಪರ್ಯಾಯ ದ್ವೀಪ ಸುಮಾರು 40 ಮೈಲಿ ಕಿರಿದು ಎಂದು ತಿಳಿಯಿತು. ಮುಂದೆ ಹಿಮಾಲಯದವರೆಗೆ ಹೋಗಿ, ರಾಧಾನಾಥ ಸಿಕ್ದಾರ್ ಎವರೆಸ್ಟಿನ ಎತ್ತರ ಲೆಕ್ಕ ಹಾಕಿದ್ದೂ ಇದೇ ಸರ್ವೆಯಲ್ಲಿ.

ಪುಸ್ತಕಗಳಲ್ಲಿ ಲ್ಯಾಂಬ್ಟನ್ ಹೆಸರಿದೆ, ಅವರ ನಂತರ ಸರ್ವೆ ನಡೆಸಿದ ಜಾರ್ಜ್ ಎವರೆಸ್ಟ್ ಹೆಸರಿದೆ. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಯಂತ್ರವನ್ನು ಬೆಟ್ಟದ ಮೇಲಕ್ಕೆ ಹೊತ್ತ ಖಲಾಸಿಗಳ ಹೆಸರು ಎಲ್ಲೂ ಇಲ್ಲ. ನೆತ್ತಿಯ ಬಂಡೆಯ ಮೇಲೆ ಉಳಿಯಿಂದ ಕೊರೆದ ವೃತ್ತ, ಅದರ ನಡುವಿನ ಚುಕ್ಕೆ ಕಂಡಾಗ ನನಗೆ ಮೊದಲು ನೆನಪಾಗುವುದು ಅವರೇ. ಸಾವನದುರ್ಗವನ್ನು ಬರಿಗೈಯಲ್ಲಿ ಹತ್ತುವುದೇ ಏದುಸಿರು. ಆ ಬೋಳು ಬಂಡೆಯಲ್ಲಿ ಅಂಥ ಹೊರೆ ಹೊತ್ತು ಹತ್ತಿದವರು ನಮ್ಮ ಪಕ್ಕದ ಹಳ್ಳಿಗಳವರೇ ಇರಬೇಕು ಎಂದು ನನ್ನ ನಂಬಿಕೆ.

ಈಗ ಹುಡುಕುವ ವಿಚಾರ. ಮೊಬೈಲಿನ ಜಿಪಿಎಸ್ ಐದು-ಹತ್ತು ಮೀಟರ್ ಹತ್ತಿರಕ್ಕೆ ಕರೆತಂದು ಕೈಬಿಡುತ್ತದೆ. ಅಲ್ಲಿಂದ ಮುಂದೆ ಕಣ್ಣೇ ಗತಿ. ಕಳೆದ ಬೇಸಿಗೆಯಲ್ಲಿ ಒಂದು ಹಳೇ ಕಲ್ಲುಕಟ್ಟಡದ ಮೋರಿಯ ಬಳಿ ಬಹಳ ಹೊತ್ತು ಸುತ್ತಿದೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎಷ್ಟು ಎತ್ತರವಾಗಿತ್ತೆಂದರೆ ಮೋರಿಯ ತಡೆಗೋಡೆ ಮೊಣಕಾಲಿನಷ್ಟೂ ಉಳಿದಿರಲಿಲ್ಲ. ಗೋಡೆಯ ಮೇಲೆ ಸುಣ್ಣ, ಸುಣ್ಣದ ಮೇಲೆ ಚುನಾವಣೆಯ ಬಣ್ಣ. ಕೊನೆಯ ಚಪ್ಪಡಿಯ ಮೇಲೆ ನೀರು ಸುರಿದು ನಾರಿನ ಬ್ರಷ್ಷಿನಿಂದ ಉಜ್ಜಿದಾಗ ಒಂದು ಕಡೆ ಬೆರಳಿಗೆ ಗೀರು ತಾಗಿತು. ನೆತ್ತಿಯ ಬಿಸಿಲಲ್ಲಿ ಅಕ್ಷರ ಕಾಣುವುದಿಲ್ಲ, ಬೆಳಕು ಪಕ್ಕದಿಂದ ಬೀಳಬೇಕು. ಹಾಗಾಗಿ ಸಂಜೆಯ ಓರೆ ಬಿಸಿಲಿಗೆ ಕಾದೆ. ಮೊದಲು ಅಂಗೈಯಗಲದ ಒಂದು ಚೌಕ ಎದ್ದು ಬಂತು. ಅದರ ಒಂದು ಬದಿಗೆ ಜಿ.ಟಿ.ಎಸ್., ಇನ್ನೊಂದು ಬದಿಗೆ ಬಿ.ಎಂ. ಗೀರುಗಳಿಗೆ ಸೀಮೆಸುಣ್ಣದ ಪುಡಿ ತೀಡಿ ಫೋಟೊ ತೆಗೆದು, ಮತ್ತೆ ನೀರು ಹಾಕಿ ತೊಳೆದೆ. ಆ್ಯಸಿಡ್, ತಂತಿ ಬ್ರಷ್ಷು, ಪೇಂಟು ಯಾವುದನ್ನೂ ಕಲ್ಲಿಗೆ ಮುಟ್ಟಿಸಬಾರದು. ಈ ಹವ್ಯಾಸಕ್ಕೆ ಬರುವವರು ಮೊದಲು ಕಲಿಯಬೇಕಾದ್ದು ಅದು.

ಎದುರು ಮನೆಯ ಅಜ್ಜಿ ಅಷ್ಟು ಹೊತ್ತೂ ಜಗಲಿಯಿಂದ ನೋಡುತ್ತಿದ್ದರು. ಕೊನೆಗೆ ಎದ್ದು ಬಂದರು.

"ನಿಧಿ ಗಿಧಿ ಏನಾರ ಐತೇನಪ್ಪಾ ಅದ್ರೊಳಗೆ?"

"ಇಲ್ಲ ಕಣಜ್ಜಿ, ಇದು ಎತ್ತರ ಅಳೆಯೋ ಗುರುತು."

"ಅಂಗಂದ್ರೆ ಯಾರೂ ಅಗೆಯಾಕೆ ಬರಲ್ಲ ಅನ್ನು. ಇರ್ಲಿ ಬಿಡು, ನಾನೂ ನೋಡ್ಕೋತೀನಿ."

ಅಜ್ಜಿಯ ಭಯ ಸುಮ್ಮನೆ ಬಂದದ್ದಲ್ಲ. ನಮ್ಮ ಕಡೆ ಬೆಟ್ಟದ ಮೇಲೆ ಗುರುತಿರುವ ಕಲ್ಲು ಕಂಡರೆ ಅದರಡಿ ಕೊಪ್ಪರಿಗೆ ಇದೆ ಎಂದು ನಂಬುವವರು ಈಗಲೂ ಇದ್ದಾರೆ. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಇಟ್ಟು ಅಗೆದ ಗುಂಡಿಗಳನ್ನು ನಾನು ಬೆಟ್ಟಗಳ ಮೇಲೆ ನೋಡಿದ್ದೇನೆ. ಅದಕ್ಕೇ ಆ ಮೋರಿ ಯಾವ ಊರಿನದು ಎಂದು ಇಲ್ಲಿ ಬರೆಯುತ್ತಿಲ್ಲ.

ನಿಧಿಗಳ್ಳರಿಗಿಂತ ದೊಡ್ಡ ನಷ್ಟ ಹಗಲಲ್ಲೇ ಆಗುತ್ತದೆ. ಬೆಂಗಳೂರಿನಲ್ಲಿ ಹೆಣ್ಣೂರು–ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ ಒಂದು ಜಿ.ಟಿ.ಎಸ್. ಗೋಪುರ ಇತ್ತು. 1868ರಲ್ಲಿ ಅಳೆದ ಬೆಂಗಳೂರು ಆಧಾರ ರೇಖೆಯ, ಅಂದರೆ ತ್ರಿಕೋನಗಳ ಲೆಕ್ಕಕ್ಕೆ ಆಧಾರವಾಗಿ ನೆಲದ ಮೇಲೆ ಅಳೆದ ನೇರ ಗೆರೆಯ, ಒಂದು ತುದಿ ಅದು. ಇನ್ನೊಂದು ತುದಿ ಸುಮಾರು 7 ಮೈಲಿ ದೂರದ ಮೇಖ್ರಿ ವೃತ್ತದ ಕಡೆ. ಒಂದೂವರೆ ಶತಮಾನ ನಿಂತಿದ್ದ ಆ ಗೋಪುರವನ್ನು 2024ರಲ್ಲಿ ನೆಲಸಮ ಮಾಡಿದರು. ಸುದ್ದಿ ಓದಿದ ದಿನ ನನಗೆ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ. ರೇಖೆಗೆ ಎರಡು ತುದಿ ಇದ್ದರೆ ತಾನೇ ಅದು ರೇಖೆ? ಇದೇ ಕೆಲಸವನ್ನು ಯುರೋಪಿನಲ್ಲಿ ಮಾಡಿದ ಸ್ಟ್ರೂವ್ ಸರ್ವೆಯ 34 ಗುರುತುಗಳನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತು ದೇಶಗಳು ಒಟ್ಟಾಗಿ ಅವನ್ನು ಕಾಯುತ್ತಿವೆ. ಅದಕ್ಕಿಂತ ಮೊದಲೇ ಶುರುವಾದ ನಮ್ಮ ಸರ್ವೆಯ ಗುರುತುಗಳಿಗೆ ಒಂದು ತಂತಿಬೇಲಿಯೂ ಇಲ್ಲದ ಕಡೆಗಳೇ ಹೆಚ್ಚು.

"ಈಗ ಎಲ್ಲಾ ಸ್ಯಾಟಲೈಟ್ ಸಾರ್, ಆ ಕಲ್ಲು ಯಾಕೆ?" ಎಂದು ನನ್ನ ಜೊತೆ ಕೆಲಸ ಮಾಡುವ ಹುಡುಗರೇ ಕೇಳುತ್ತಾರೆ. ಉಪಗ್ರಹದ ನೆರವಿನಿಂದ ಅಳೆಯುವ ರೋವರ್ ಯಂತ್ರ ಬಂದ ಮೇಲೆ ನಮ್ಮ ಕೆಲಸ ಎಷ್ಟೋ ಹಗುರಾಗಿದೆ, ಒಪ್ಪುತ್ತೇನೆ. ಆದರೆ ಉಪಗ್ರಹ ಹೇಳುವ ಎತ್ತರ ಭೂಮಿಯ ಒಂದು ಲೆಕ್ಕದ ಆಕಾರದಿಂದ ಅಳೆದದ್ದು, ಸಮುದ್ರಮಟ್ಟದಿಂದ ಅಲ್ಲ. ಬೆಂಗಳೂರಿನ ಸುತ್ತ ಇವೆರಡಕ್ಕೂ ಸುಮಾರು 85 ಮೀಟರ್ ವ್ಯತ್ಯಾಸವಿದೆ, ಆ ವ್ಯತ್ಯಾಸವೂ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಹೊಲದ ಗಡಿ ತೋರಿಸಲು ಇದು ಅಡ್ಡಿಯಿಲ್ಲ. ರಾಜಕಾಲುವೆಯ ನೀರು ಯಾವ ಕಡೆ ಹರಿಯುತ್ತದೆ, ಕೆರೆಯ ಕೋಡಿ ಎಷ್ಟು ಎತ್ತರದಲ್ಲಿರಬೇಕು ಎಂದು ನಿರ್ಧರಿಸುವಾಗ ಸೆಂಟಿಮೀಟರ್ ಲೆಕ್ಕ ಬೇಕು. ನೀರು ಉಪಗ್ರಹದ ಮಾತು ಕೇಳಿ ಹರಿಯುವುದಿಲ್ಲ, ತಗ್ಗು ನೋಡಿ ಹರಿಯುತ್ತದೆ. ಉಪಗ್ರಹದ ಎತ್ತರವನ್ನು ನೀರು ಒಪ್ಪುವ ಎತ್ತರಕ್ಕೆ ತಿದ್ದಬೇಕಾದರೆ ತಾಳೆ ನೋಡಲು ನೆಲದ ಮೇಲೆ ನಂಬಬಹುದಾದ ಗುರುತು ಬೇಕೇ ಬೇಕು.

ಅಮೆರಿಕದಲ್ಲಿ ಹವ್ಯಾಸಿಗಳನ್ನು ಈ ಕೆಲಸಕ್ಕೆ ಹಚ್ಚಿಕೊಂಡಿದ್ದಾರೆ. ನನ್ನ ಅಕ್ಕನ ಮಗ ಅಲ್ಲಿದ್ದಾನೆ. ಅವನು ಒಮ್ಮೆ ಬಂಡೆಗೆ ಕೂರಿಸಿದ ಲೋಹದ ಬಿಲ್ಲೆಯೊಂದರ ಫೋಟೊ ಕಳಿಸಿದ. ಈ ಗುರುತನ್ನು ಕದಲಿಸಿದರೆ 250 ಡಾಲರ್ ದಂಡ ಅಥವಾ ಜೈಲು ಎಂದು ಬಿಲ್ಲೆಯ ಮೇಲೇ ಕೆತ್ತಿದೆ. ಸಾಮಾನ್ಯ ಜನ ಹೋಗಿ ನೋಡಿ, ಗುರುತು ಇದೆಯೇ, ಮುರಿದಿದೆಯೇ, ಕಾಣೆಯಾಗಿದೆಯೇ ಎಂದು ಬರೆದು ಕಳಿಸಿದರೆ ಅಲ್ಲಿನ ರಾಷ್ಟ್ರೀಯ ಜಿಯೊಡೆಟಿಕ್ ಸರ್ವೆ ಅದನ್ನು ದಾಖಲಿಸಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 1936ರಿಂದ ಸರ್ವೆಗಾಗಿ ಬೆಟ್ಟಗಳ ಮೇಲೆ ಸುಮಾರು 6,500 ಕಾಂಕ್ರೀಟ್ ಕಂಬಗಳನ್ನು ಕಟ್ಟಿದರು. ಉಳಿದಿರುವವುಗಳನ್ನು ಒಂದೊಂದಾಗಿ ನೋಡಿ ಬರುವುದು ಅಲ್ಲಿನ ಎಷ್ಟೋ ಜನರ ಜೀವಮಾನದ ಹವ್ಯಾಸ.

ಇದರ ತಮ್ಮನಂತಿರುವ ಜಿಯೊಕ್ಯಾಶಿಂಗ್ ಎಂಬ ಆಟದ ಬಗ್ಗೆಯೂ ಎರಡು ಮಾತು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಬ್ಬು ಮಾಡುವುದನ್ನು ನಿಲ್ಲಿಸಿತು. ಮರುದಿನವೇ, ಮೇ 3ರಂದು, ಡೇವ್ ಉಲ್ಮರ್ ಎಂಬವರು ಒರೆಗಾನ್ ರಾಜ್ಯದ ಕಾಡಿನಂಚಿನಲ್ಲಿ ಒಂದು ಬಕೆಟ್ ಅಡಗಿಸಿ ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದರು. ಆಟ ಅಲ್ಲಿಂದ ಲೋಕವೆಲ್ಲ ಹಬ್ಬಿತು. ಡಬ್ಬಿ ಸಿಕ್ಕವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆದು ಅಲ್ಲೇ ಇಟ್ಟು ಬರಬೇಕು. ಒಳಗಿನ ಸಾಮಾನು ತೆಗೆದುಕೊಂಡರೆ ಅಷ್ಟೇ ಬೆಲೆಯದನ್ನು ಹಾಕಬೇಕು. ಮೊಬೈಲ್ ಬಿಡದ ಮಕ್ಕಳನ್ನು ಅದೇ ಮೊಬೈಲ್ ಕೈಯಲ್ಲಿ ಕೊಟ್ಟು ಬೆಟ್ಟ ಹತ್ತಿಸುವ ಈ ಆಟ ನನಗೆ ಬಹಳ ಇಷ್ಟ. ನಮ್ಮಲ್ಲೂ ಆಡುವವರಿದ್ದಾರೆ. ಅವರಲ್ಲಿ ನನ್ನ ವಿನಂತಿ ಇಷ್ಟೇ: ಡಬ್ಬಿಯನ್ನು ಜಿ.ಟಿ.ಎಸ್. ಕಲ್ಲಿನ ಬುಡದಲ್ಲಿ ಇಡಬೇಡಿ, ಎಲ್ಲೂ ನೆಲ ಅಗೆಯಬೇಡಿ. ಆಟದ ನಿಯಮವೂ ಅಗೆಯಬಾರದು ಎಂದೇ ಹೇಳುತ್ತದೆ. ಬಸ್ ನಿಲ್ದಾಣ, ಅಣೆಕಟ್ಟು, ದೇವಸ್ಥಾನದ ಹತ್ತಿರ ಮುಚ್ಚಿದ ಡಬ್ಬಿ ಕಂಡರೆ ಜನ ಗಾಬರಿಯಾಗುತ್ತಾರೆ. ಒಳಗಿರುವುದು ಕಾಣುವ ಪಾರದರ್ಶಕ ಡಬ್ಬಿ ಬಳಸಿ, ಮೇಲೆ ಕನ್ನಡದಲ್ಲಿ ಇದೇನು ಎಂದು ಬರೆಯಿರಿ. ಅರಣ್ಯವಾದರೆ ಇಲಾಖೆಯ ಅನುಮತಿ ಪಡೆಯಿರಿ. ಹಳ್ಳಿಯಾದರೆ ಮೊದಲು ಊರಿನ ಹಿರಿಯರನ್ನು ಮಾತಾಡಿಸಿ. ನಾನು ಯಾವ ಊರಿಗೆ ಹೋದರೂ ಮೊದಲು ಟೀ ಅಂಗಡಿಯಲ್ಲಿ ಕೂತು ಬಂದ ವಿಷಯ ಹೇಳುತ್ತೇನೆ. ಎಷ್ಟೋ ಸಲ ಕಲ್ಲು ಸಿಕ್ಕಿದ್ದೇ ಆ ಮಾತಿನಿಂದ.

ಕಾನೂನು ಇಲ್ಲವೆಂದಲ್ಲ. ಸರ್ಕಾರಿ ನೌಕರರು ನೆಟ್ಟ ಭೂ ಗುರುತನ್ನು ನಾಶ ಮಾಡುವುದು, ಕದಲಿಸುವುದು ಹಳೆಯ ದಂಡ ಸಂಹಿತೆಯ 434ನೇ ಕಲಮಿನಲ್ಲಿ ಒಂದು ವರ್ಷದವರೆಗೆ ಜೈಲು ಕಾಣುವ ಅಪರಾಧವಾಗಿತ್ತು. ಈಗಿನ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ಗುರುತು ಎಲ್ಲಿದೆ ಎಂದೇ ಗೊತ್ತಿಲ್ಲದ ಗುತ್ತಿಗೆದಾರನ ಮೇಲೆ ಕೇಸು ಹಾಕಿ ಏನು ಪ್ರಯೋಜನ?

ಆದ್ದರಿಂದ ಸರ್ಕಾರಕ್ಕೆ ನಾನು ಕೇಳುವುದು ಬಹಳ ಚಿಕ್ಕದು. ಒಂದೊಂದು ತಾಲ್ಲೂಕಿನ ಭೂಮಾಪನ ಕಚೇರಿಯಲ್ಲೂ ಆ ತಾಲ್ಲೂಕಿನ ಬೆಂಚ್ ಮಾರ್ಕ್ ಮತ್ತು ತ್ರಿಕೋನಮಿತಿ ನೆಲೆಗಳ ಪಟ್ಟಿ, ಫೋಟೊ ಸಮೇತ ಇರಲಿ. ರಸ್ತೆ, ಸೇತುವೆ ಕೆಲಸದ ಅಂದಾಜುಪಟ್ಟಿಗೆ ಸಹಿ ಹಾಕುವ ಮುಂಚೆ ಎಂಜಿನಿಯರ್ ಆ ಪಟ್ಟಿ ನೋಡಲೇಬೇಕು ಎಂದು ಒಂದು ಸುತ್ತೋಲೆ ಬರಲಿ. ಕಲ್ಲು ತೆಗೆಯಲೇಬೇಕಾದರೆ, ತೆಗೆಯುವ ಮುಂಚೆ ಸರ್ವೆ ಆಫ್ ಇಂಡಿಯಾದವರಿಗೆ ತಿಳಿಸಿ, ಅವರು ಹತ್ತಿರದಲ್ಲೇ ಇನ್ನೊಂದು ಗುರುತಿಗೆ ಎತ್ತರ ವರ್ಗಾಯಿಸಿದ ಮೇಲೆ ತೆಗೆಯಲಿ. ಆ ವರ್ಗಾವಣೆ ಲೆವೆಲಿಂಗ್ ಯಂತ್ರ ಹಿಡಿದವರಿಗೆ ಒಂದು ದಿನದ ಕೆಲಸ. ಕಲ್ಲು ಹೋದ ಮೇಲೆ ಅದೇ ಎತ್ತರವನ್ನು ದೂರದ ಗುರುತಿನಿಂದ ಮತ್ತೆ ತರುವುದು ವಾರಗಟ್ಟಲೆ ಕೆಲಸ.

ಈ ಪಟ್ಟಿ ಮಾಡಲು ಸಿಬ್ಬಂದಿ ಇಲ್ಲ ಎಂಬ ಉತ್ತರ ಬರಬಹುದು. ರಾಜ್ಯದಲ್ಲಿ ನನ್ನಂಥ ಪರವಾನಗಿ ಭೂಮಾಪಕರಿದ್ದಾರೆ, ಚಾರಣದ ಗುಂಪುಗಳಿವೆ, ಎನ್.ಎಸ್.ಎಸ್. ಮಕ್ಕಳಿದ್ದಾರೆ, ಜಿಯೊಕ್ಯಾಶಿಂಗ್ ಆಡುವ ಹುಡುಗ ಹುಡುಗಿಯರಿದ್ದಾರೆ. ಒಂದು ನಮೂನೆ ಕೊಟ್ಟು ಕರೆದರೆ ಸಂಬಳವಿಲ್ಲದೆ ಬರುತ್ತೇವೆ. ನಮ್ಮ ತಾಲ್ಲೂಕಿನಲ್ಲಿ ನಾನು ಕಂಡಿರುವ ಗುರುತುಗಳ ಫೋಟೊ, ಅಕ್ಷಾಂಶ ರೇಖಾಂಶ, ಈಗಿನ ಸ್ಥಿತಿ ಎಲ್ಲವನ್ನೂ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದೇನೆ. ಭೂಮಾಪನ ಇಲಾಖೆಯಾಗಲಿ, ಸರ್ವೆ ಆಫ್ ಇಂಡಿಯಾದ ಬೆಂಗಳೂರು ಕಚೇರಿಯಾಗಲಿ ಕೇಳಿದರೆ ನಾನೇ ಖುದ್ದಾಗಿ ಬಂದು ಅದರ ಪ್ರತಿ ಕೊಡುತ್ತೇನೆ, ಬೇಕೆಂದರೆ ಒಂದೊಂದು ಕಲ್ಲಿನ ಹತ್ತಿರವೂ ಕರೆದೊಯ್ದು ತೋರಿಸುತ್ತೇನೆ.

ಇಂತಿ,
ಒಬ್ಬ ಪರವಾನಗಿ ಭೂಮಾಪಕ
ಮಾಗಡಿ ತಾಲ್ಲೂಕು