ದಾನಿಯೇಲ ಚೆಲ್ಲಿದ ಬೂದಿ

ಪ್ರೀತಿಯ ತಮ್ಮನಿಗೆ,

ನಿನ್ನ ಕಾಗದ ತಲುಪಿತು. ಕ್ರೈಸ್ತ ಮಕ್ಕಳಿಗಾಗಿ ಬರೆದ ಪತ್ತೇದಾರಿ ಕಾದಂಬರಿಯ ಹಸ್ತಪ್ರತಿ ಓದಿ ಅಭಿಪ್ರಾಯ ಕೊಡಬೇಕಾಗಿದೆ, ಹೇಗೆ ನೋಡಲಿ ಅಂತ ಕೇಳಿದ್ದೀಯ. ಆ ಕಥೆಯಲ್ಲಿ ಚರ್ಚಿನ ಬೆಳ್ಳಿ ಪಾತ್ರೆ ಕಾಣೆಯಾಗುತ್ತದೆ. 11 ವರ್ಷದ ಹುಡುಗಿ ರಾತ್ರಿ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ. ಬೆಳಗ್ಗೆ ಏಳುವಾಗ ಪಾತ್ರೆ ಎಲ್ಲಿದೆ ಅಂತ ಅವಳಿಗೆ ಹೊಳೆದಿರುತ್ತದೆ. ಆ ಪುಟದ ಪಕ್ಕ ನೀನು ‘ಭಕ್ತಿ ಚೆನ್ನಾಗಿ ಬಂದಿದೆ’ ಅಂತ ಬರೆದಿದ್ದೀಯ. ಅದನ್ನು ಈಗಲೇ ಕಳಿಸಬೇಡ.

8ರಿಂದ 12 ವರ್ಷದ ಮಕ್ಕಳು ಇಂಥ ಕಥೆ ಓದುವುದೇ ತಾವೂ ಜೊತೆಗೆ ಹುಡುಕೋಣ ಅಂತ. ಹುಡುಗಿಗೆ ಸುಮ್ನೆ ಹೊಳೆದುಬಿಟ್ಟರೆ ಓದುವ ಮಗುವಿಗೆ ಮಾಡಲು ಏನು ಉಳಿಯಿತು? ಇಂಗ್ಲಿಷ್ ಪತ್ತೇದಾರಿ ಕಥೆಗಾರ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗೆ 10 ನಿಯಮ ಬರೆದರು. ಅಲೌಕಿಕ ಶಕ್ತಿ ಬಂದು ಗಂಟು ಬಿಡಿಸಬಾರದು, ಕಾರಣವಿಲ್ಲದೆ ಹೊಳೆದದ್ದು ಸರಿಯಾಗಿಬಿಡಬಾರದು ಅಂತ ಅದರಲ್ಲಿದೆ. ಈ ನಾಕ್ಸ್ ಸ್ವತಃ ಕಥೋಲಿಕ ಪಾದ್ರಿ.

ಇನ್ನೂ ಒಳ್ಳೆಯ ಉದಾಹರಣೆ ಬೈಬಲಿನಲ್ಲೇ ಇದೆ. ಕಥೋಲಿಕರ ಬೈಬಲಿನಲ್ಲಿ ದಾನಿಯೇಲನ ಗ್ರಂಥದ 13 ಮತ್ತು 14ನೇ ಅಧ್ಯಾಯ ತೆಗೆದು ಓದು. ಪ್ರಾಟೆಸ್ಟೆಂಟರ ಬೈಬಲಿನಲ್ಲಿ ಆ ಗ್ರಂಥ 12ಕ್ಕೇ ಮುಗಿಯುತ್ತದೆ, ಹಾಗಾಗಿ ಎಲ್ಲ ಮಕ್ಕಳಿಗೂ ಈ ಕಥೆಗಳು ಗೊತ್ತಿರುವುದಿಲ್ಲ. ಸುಸನ್ನ ಎಂಬ ಗೃಹಿಣಿ ಮರದ ಕೆಳಗೆ ಪರಪುರುಷನ ಜೊತೆ ಇದ್ದಳು ಅಂತ ಇಬ್ಬರು ಹಿರಿಯರು ಸುಳ್ಳು ಸಾಕ್ಷಿ ಹೇಳುತ್ತಾರೆ. ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾನೆ: ಯಾವ ಮರದ ಕೆಳಗೆ ನೋಡಿದೆ? ಒಬ್ಬ ಒಂದು ಮರ ಹೇಳುತ್ತಾನೆ, ಇನ್ನೊಬ್ಬ ಇನ್ನೊಂದು. ಮುಂದಿನ ಅಧ್ಯಾಯದಲ್ಲಿ ಬೇಲ್ ಎಂಬ ವಿಗ್ರಹವೇ ಎಡೆಯನ್ನೆಲ್ಲ ತಿನ್ನುತ್ತದೆ ಅಂತ ರಾಜ ನಂಬಿದ್ದಾನೆ. ದಾನಿಯೇಲ ಗುಡಿಯ ನೆಲಕ್ಕೆ ಬೂದಿ ಚೆಲ್ಲಿಸುತ್ತಾನೆ, ಆಮೇಲೆ ಬಾಗಿಲಿಗೆ ರಾಜನ ಮುದ್ರೆ ಬೀಳುತ್ತದೆ. ಬೆಳಗ್ಗೆ ಮುದ್ರೆ ಹಾಗೇ ಇದೆ, ಎಡೆ ಮಾತ್ರ ಖಾಲಿ. ಬೂದಿಯ ಮೇಲೆ ಗಂಡಸರ, ಹೆಂಗಸರ, ಮಕ್ಕಳ ಹೆಜ್ಜೆ ಗುರುತು! ಪೂಜಾರಿಗಳೇ ಮನೆಮಂದಿಯ ಜೊತೆ ಗುಟ್ಟಿನ ಬಾಗಿಲಿಂದ ಬಂದು ತಿನ್ನುತ್ತಿದ್ದರು.

ಸುಸನ್ನಳ ಮೊರೆಯನ್ನು ದೇವರು ಕೇಳಿದ ಅಂತ ಅಲ್ಲಿ ಸ್ಪಷ್ಟವಾಗಿದೆ. ಆದರೂ ಪ್ರಶ್ನೆ ಕೇಳುವ ಕೆಲಸ, ಬೂದಿ ಚೆಲ್ಲಿಸುವ ಕೆಲಸ ದಾನಿಯೇಲನದೇ. ನಿನ್ನ ಕೈಲಿರುವ ಹಸ್ತಪ್ರತಿಯನ್ನೂ ಹಾಗೆ ನೋಡು. ಪ್ರಾರ್ಥನೆ ಆ ಹುಡುಗಿಗೆ ಏನು ಕೊಡುತ್ತದೆ? ತನಗೆ ಇಷ್ಟವಾದವರನ್ನೇ ಪ್ರಶ್ನಿಸುವ ಧೈರ್ಯ ಕೊಡಬಹುದು. ತಾನು ಯಾರ ಮೇಲೆ ಸುಮ್ನೆ ಅನುಮಾನಪಟ್ಟಳೋ ಅವರ ಬಳಿ ಹೋಗಿ ತಪ್ಪಾಯಿತು ಅನ್ನುವ ಮನಸ್ಸು ಕೊಡಬಹುದು. ಪಾತ್ರೆ ಇರುವ ಜಾಗವನ್ನು ಮಾತ್ರ ಅವಳ ಕಣ್ಣು, ಕಿವಿ, ತಲೆಯೇ ಕಂಡುಹಿಡಿಯಬೇಕು.

ಕಳ್ಳ ಯಾರು ಅಂತಲೂ ಗಮನಿಸು. ಊರಿಗೆ ಹೊಸಬ, ಬಡವ, ಬೇರೆ ಧರ್ಮದವನು ಅಂತ ಮಾತ್ರಕ್ಕೆ ಅವನನ್ನು ಕಳ್ಳ ಮಾಡಿದ್ದರೆ ಗಟ್ಟಿಯಾಗಿ ಆಕ್ಷೇಪಿಸು. ಕೊನೆಯ ಪುಟದಲ್ಲಿ ಅವನು ಅತ್ತುಬಿಟ್ಟ, ಎಲ್ಲರೂ ಕ್ಷಮಿಸಿಬಿಟ್ಟರು ಅಂತಿದ್ದರೂ ನನಗೆ ಸಾಲದು. ಬೈಬಲಿನ ತೆರಿಗೆ ವಸೂಲಿಗಾರ ಜಕ್ಕಾಯ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಅಂದ. ಈ ಕಳ್ಳ ಏನನ್ನು ಹಿಂದಿರುಗಿಸುತ್ತಾನೆ? ಮಕ್ಕಳು ಇದನ್ನು ಕೇಳೇ ಕೇಳುತ್ತಾರೆ.

ಒಂದು ವಿಷಯದಲ್ಲಿ ರಾಜಿಯಾಗಲೇಬೇಡ. 9ನೇ ಅಧ್ಯಾಯದಲ್ಲಿ ಫಾದರ್, ಪಾಪನಿವೇದನೆಯಲ್ಲಿ, ಅಂದರೆ ಒಬ್ಬರು ತಮ್ಮ ಪಾಪವನ್ನು ಪಾದ್ರಿಯ ಮುಂದೆ ಗುಟ್ಟಾಗಿ ಒಪ್ಪಿಕೊಳ್ಳುವಾಗ, ಕೇಳಿದ್ದನ್ನು ಮಕ್ಕಳಿಗೆ ಸೂಚಿಸುತ್ತಾರೆ ಅಂದೆಯಲ್ಲ. ಅದು ಆಗದ ಮಾತು. ಅಲ್ಲಿ ಕೇಳಿದ್ದನ್ನು ಪಾದ್ರಿ ಯಾವ ಕಾರಣಕ್ಕೂ, ಯಾವ ರೀತಿಯಲ್ಲೂ ಹೊರಗೆ ಹೇಳುವಂತಿಲ್ಲ. ಕಥೋಲಿಕ ಮನೆಯ ಮಗು ಅಲ್ಲೇ ಪುಸ್ತಕ ಮುಚ್ಚಿಡುತ್ತದೆ. ಹೇಳಲಾಗದ ಫಾದರ್ ಮುಖವನ್ನು ಹುಡುಗಿ ನೋಡುತ್ತಾ ನಿಂತರೆ ಕಥೆಗೆ ಎಷ್ಟು ಬಿಗಿ ಬರುತ್ತದೆ, ಅಲ್ವಾ? ಇದನ್ನು ಲೇಖಕಿಗೆ ಖಂಡಿತ ತಿಳಿಸು.

ಬಹಳ ಹಿಂದೆ ಇಂಥದೇ ಒಂದು ಹಸ್ತಪ್ರತಿಗೆ, ಒಳ್ಳೆಯ ಉದ್ದೇಶದ ಪುಸ್ತಕ ಅಂತ ನಾನು ಬರೀ ಮೆಚ್ಚುಗೆ ಬರೆದು ಕೊಟ್ಟೆ. ಅಚ್ಚಾದ ಮೇಲೆ ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ. ಮೂರು ದಿನಕ್ಕೆ ವಾಪಸ್ ತಂದ. ‘ಇದರಲ್ಲಿ ದೇವರೇ ಎಲ್ಲ ಹೇಳಿಬಿಡ್ತಾನೆ’ ಅಂದ. ಆ ಲೇಖಕನಿಗೆ ನಾನು ಸಮಯಕ್ಕೆ ನಿಜ ಹೇಳಲಿಲ್ಲ ಅನ್ನುವ ನೋವು ಇವತ್ತಿಗೂ ಇದೆ.

ಹಸ್ತಪ್ರತಿಯನ್ನು ಇನ್ನೊಮ್ಮೆ ಓದು. ಸುಳಿವು ಸಿಕ್ಕ ಪುಟಕ್ಕೆಲ್ಲ ಪೆನ್ಸಿಲ್ ಗುರುತು ಹಾಕು. ಆಮೇಲೆ ಟಿಪ್ಪಣಿ ಬರೆದು ಮೊದಲು ನನಗೆ ಕಳಿಸು, ಭಾನುವಾರ ಕೂತು ನೋಡುತ್ತೇನೆ.

ನಿನ್ನ ಅಕ್ಕ